ಉಣ್ಣೆ ಸಂತೆಯ ತೂಕದ ಕಲ್ಲು

ನಾನು ಒಂದು ತೂಕದ ಕಲ್ಲು. ಹೆಸರಿಗೆ ಮಾತ್ರ ಕಲ್ಲು, ಮೈಯೆಲ್ಲ ಎರಕದ ಕಬ್ಬಿಣ. ನೆತ್ತಿಯ ಮೇಲೆ ಹಿಡಿದು ಎತ್ತಲು ಒಂದು ದಪ್ಪ ಬಳೆ, ಪಕ್ಕೆಯಲ್ಲಿ ಇಂಗ್ಲೆಂಡಿನ ರಾಜನ ಕಿರೀಟದ ಗುರುತು. ನೋಡಲು ಕುಳ್ಳಗೆ, ಕರ್ರಗೆ ಇದ್ದೇನೆ. ಎತ್ತಿದವನ ಸೊಂಟ ಹಿಡಿಯುವಷ್ಟು ಭಾರ. ನನ್ನನ್ನು ಕಂಡು ಯಾರೂ ಆಹಾ ಎಂದದ್ದಿಲ್ಲ, ನಾನೂ ಅದನ್ನು ಬಯಸಿದವನಲ್ಲ. ಜನಕ್ಕೆ ನನ್ನಿಂದ ಬೇಕಾದದ್ದು ಒಂದೇ. ನಾನು ನಿನ್ನೆ ಎಷ್ಟಿದ್ದೆನೋ ಇವತ್ತೂ ಅಷ್ಟೇ ಇರಬೇಕು.

ನಾನು ಹುಟ್ಟಿದ್ದು ಸುಮಾರು ಮುನ್ನೂರೈವತ್ತು ವರ್ಷಗಳ ಹಿಂದೆ, ಒಂದು ಎರಕದ ಕುಲುಮೆಯಲ್ಲಿ. ಕಾಡು ಕಡಿದು ಇದ್ದಿಲು ಮಾಡಿ, ಆ ಬೆಂಕಿಯಲ್ಲಿ ಅದಿರು ಕರಗಿಸುವ ಜನ ಅವರು. ಕೆಂಪಗೆ ಕುದಿಯುತ್ತಿದ್ದ ನನ್ನನ್ನು ಮರಳಿನ ಅಚ್ಚಿಗೆ ಸುರಿದರು. ಆರಿದ ಮೇಲೆ ಅಚ್ಚು ಒಡೆದು ಇಕ್ಕಳದಿಂದ ಎಳೆದು ಮೂಲೆಗೆ ಹಾಕಿದರು. ಅದೇ ದಿನ ನನ್ನ ಜೊತೆ ಹುಟ್ಟಿದವರಲ್ಲಿ ಕೆಲವರು ಅಡುಗೆಮನೆಯ ಹಂಡೆಗಳಾದರು, ಹೆಚ್ಚಿನವರು ಫಿರಂಗಿ ಗುಂಡುಗಳಾಗಿ ಹೋದರು. ಗುಂಡುಗಳನ್ನು ನೋಡಿ ನಾನು ಅಯ್ಯೋ ಪಾಪ ಎಂದುಕೊಂಡೆ. ಅವರ ಹಣೆಬರಹ ಕೊಲ್ಲುವುದು, ನನ್ನದು ತೂಗುವುದು ಎಂದು ಒಳಗೊಳಗೇ ಜಂಬ. ಕಬ್ಬಿಣಕ್ಕೂ ಎಂಥೆಂಥ ಭ್ರಮೆ ಇರುತ್ತದೆ ನೋಡಿ.

ಹ್ಯಾಲೋಬ್ರಿಜ್ ಎಂಬ ಉಣ್ಣೆಯ ಪೇಟೆಯವರು ತಮ್ಮ ತೂಕದ ಮನೆಗಾಗಿ ನನ್ನನ್ನು ಕೊಂಡರು. ಅಲ್ಲಿ ತೂಗುವ ಕೆಲಸ ಮಾಡುತ್ತಿದ್ದವನು ಗೈಲ್ಸ್ ಕೋಪ್. ಸುತ್ತಲಿನ ಹಳ್ಳಿಯವರ ಉಣ್ಣೆ ಮಾರಾಟವಾಗಬೇಕಾದರೆ ಮೊದಲು ಆ ಮನೆಯ ದೊಡ್ಡ ತಕ್ಕಡಿಯಲ್ಲಿ ತೂಗಬೇಕು, ಬೇರೆಲ್ಲಿ ತೂಗಿದರೂ ಅದು ಲೆಕ್ಕಕ್ಕಿಲ್ಲ. ಒಂದು ತಟ್ಟೆಯಲ್ಲಿ ಉಣ್ಣೆಯ ಮೂಟೆ, ಇನ್ನೊಂದರಲ್ಲಿ ನಾವು ಕಲ್ಲುಗಳು. ಮುಳ್ಳು ನಿಂತ ಕೂಡಲೇ ಗೈಲ್ಸ್ ಆ ತೂಕವನ್ನು ಇಡೀ ಸಂತೆಗೆ ಕೇಳುವ ಹಾಗೆ ಕೂಗಿ ಹೇಳುತ್ತಿದ್ದ. ಅವನು ಕೂಗಿದ ಮೇಲೆ ಕೊಳ್ಳುವವನಾಗಲಿ ಮಾರುವವನಾಗಲಿ ತುಟಿ ಪಿಟಕ್ಕೆನ್ನುವಂತಿರಲಿಲ್ಲ. ಅದು ಆ ಪೇಟೆಯ ಕಟ್ಟಳೆ.

ನೆಲದ ಮೇಲೆ ಕೂತವನಿಗೆ ಮನುಷ್ಯರ ಮುಖ ಸರಿಯಾಗಿ ಕಾಣುವುದಿಲ್ಲ. ಗದ್ದ, ಮೂಗಿನ ಹೊಳ್ಳೆ, ಕೈಬೆರಳು ಇಷ್ಟೇ ಕಾಣುತ್ತದೆ. ಆದರೆ ಮನುಷ್ಯನ ಬುದ್ಧಿ ತಿಳಿಯಲು ಬೆರಳೇ ಸಾಕು. ಉಣ್ಣೆಗೆ ನೀರು ಚಿಮುಕಿಸಿ ತರುವ ಬೆರಳು ಇತ್ತು, ಮೂಟೆಯ ಹೊಟ್ಟೆಯಲ್ಲಿ ಬೆಣಚುಕಲ್ಲು ತುರುಕುವ ಬೆರಳು ಇತ್ತು, ಮಾತಾಡುತ್ತಾ ಮಾತಾಡುತ್ತಾ ತಟ್ಟೆಯ ಅಂಚನ್ನು ಮೆಲ್ಲಗೆ ಒತ್ತುವ ಬೆರಳೂ ಇತ್ತು. ಗೈಲ್ಸ್ ಕೋಪನ ಬೆರಳು ಮಾತ್ರ ಒಂದು ದಿನವೂ ತಟ್ಟೆಯನ್ನು ಮುಟ್ಟಿದ್ದಿಲ್ಲ. ತೂಕ ಕೂಗುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಜನ ಅವನನ್ನು ಗೇಲಿ ಮಾಡುತ್ತಿದ್ದರು, ಆದರೆ ಅವನ ತೂಕವನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಿದ್ದರು.

ಅಲ್ಲಿಗೆ ಉಣ್ಣೆ ತರುತ್ತಿದ್ದವರಲ್ಲಿ ಆಂಬ್ರೋಸ್ ಪೆಲ್ ಎಂಬ ರೈತನೊಬ್ಬ. ಸ್ವಂತದ ಒಂದು ಮನೆ, ಹಳ್ಳದ ದಂಡೆಯಲ್ಲಿ ಒಂದು ಹುಲ್ಲುಗಾವಲು, ಒಂದು ಸಣ್ಣ ಕುರಿಹಿಂಡು ಅವನ ಆಸ್ತಿ. ಹೆಂಡತಿ ಹೆಸ್ಟರ್, ಇನ್ನೂ ಹಾಲುಹಲ್ಲು ಉದುರದ ಮಗಳು ಪ್ರುಡೆನ್ಸ್. ಅವನು ತಂದ ಉಣ್ಣೆಯಲ್ಲಿ ನೀರೂ ಇಲ್ಲ, ಕಲ್ಲೂ ಇಲ್ಲ. ತೂಗಿ ಮುಗಿದ ಮೇಲೆ ಅವನು ನನ್ನ ಮೇಲೆಯೇ ಕುಂಡಿ ಊರಿ ಕೂತು, ಗೈಲ್ಸನ ಜೊತೆ ರೊಟ್ಟಿ ಗಿಣ್ಣು ಹಂಚಿಕೊಂಡು ತಿನ್ನುತ್ತಿದ್ದ. ಇಬ್ಬರೂ ಹೆಚ್ಚು ಮಾತಿನವರಲ್ಲ. ಮಳೆ ಬಂತು, ಕುರಿಗೆ ಕೆಮ್ಮು ಬಂತು ಎನ್ನುವಷ್ಟರಲ್ಲಿ ಅವರ ಹರಟೆ ಮುಗಿದುಹೋಗುತ್ತಿತ್ತು.

ಆ ಹುಲ್ಲುಗಾವಲಿನ ಮೂರು ದಿಕ್ಕಿಗೂ ಸರ್ ಲ್ಯಾಂಬರ್ಟ್ ಕ್ರೇವ್ ಎಂಬ ಜಮೀನ್ದಾರನ ನೆಲ. ಅವನ ಸಾವಿರಾರು ಕುರಿಗಳು ಹಳ್ಳಕ್ಕೆ ನೀರಿಗೆ ಬರಬೇಕಾದರೆ ಆಂಬ್ರೋಸನ ಬೇಲಿ ಅಡ್ಡ. ಮಾರು ಎಂದ. ಆಂಬ್ರೋಸ್ ಮಾರುವುದಿಲ್ಲ ಎಂದ. ಬದಲಿ ನೆಲ ಕೊಡುತ್ತೇನೆ ಎಂದ. ಬೇಡ ಎಂದ. ಸರ್ ಲ್ಯಾಂಬರ್ಟ್ ಆಮೇಲೆ ಕೇಳುವುದನ್ನೇ ಬಿಟ್ಟ. ದೊಡ್ಡವರು ಕೇಳುವುದನ್ನು ಬಿಟ್ಟರೆ ನಾವು ಹೆದರಬೇಕು, ಇದು ನಾನು ಕಂಡುಕೊಂಡ ಸತ್ಯ. ಆ ವರ್ಷ ಚಳಿಗಾಲದಲ್ಲಿ ಸರ್ ಲ್ಯಾಂಬರ್ಟನ ಒಂದು ಹೆಣ್ಣುಕುದುರೆ ಕಾಣೆಯಾಯಿತು. ಹುಡುಕಿದವರಿಗೆ ಅದು ಆಂಬ್ರೋಸನ ಕೊಟ್ಟಿಗೆಯಲ್ಲೇ ಕಟ್ಟಿಹಾಕಿದ ಹಾಗೆ ಸಿಕ್ಕಿತು. ಯಾರು ತಂದು ಕಟ್ಟಿದರೆಂಬುದು ಇಡೀ ಸಂತೆಗೆ ಗೊತ್ತು, ಆದರೆ ಹೇಳುವ ಬಾಯಿ ಒಂದೂ ಇರಲಿಲ್ಲ.

ಕುದುರೆ ಕದ್ದವನಿಗೆ ನೇಣು. ಆಗಿನ ಇಂಗ್ಲೆಂಡಿನಲ್ಲಿ ನೇಣು ಎಂದರೆ ಅಷ್ಟು ಅಗ್ಗ. ಅದರ ಜೊತೆಗೆ ಇನ್ನೊಂದು ಬಾಲವಿತ್ತು. ಅಂಥ ಅಪರಾಧ ಸಾಬೀತಾದವನ ಮನೆಮಾರು, ದನಕರು ಹೆಂಡತಿ ಮಕ್ಕಳಿಗೆ ಉಳಿಯುವುದಿಲ್ಲ, ನೆಲ ಆ ಊರಿನ ಜಮೀನ್ದಾರನ ಪಾಲು. ಅಂದರೆ ಆಂಬ್ರೋಸ್ ನೇಣಿಗೆ ಹೋದರೆ ಹುಲ್ಲುಗಾವಲು ನೇರವಾಗಿ ಸರ್ ಲ್ಯಾಂಬರ್ಟನ ಮಡಿಲಿಗೆ. ಎಂಥ ಚಂದದ ಕಾನೂನು ನೋಡಿ. ದೂರು ಕೊಟ್ಟವನಿಗೇ ಇನಾಮು.

ಆಂಬ್ರೋಸನನ್ನು ಹಿಡಿದುಕೊಂಡು ಹೋದ ವಾರದಲ್ಲೇ ಹೆಸ್ಟರ್ ತೂಕದ ಮನೆಗೆ ಬಂದಳು. ಅವಳ ಚಪ್ಪಲಿಗೆ ಸೆರೆಮನೆಯ ಕೆಸರು ಹತ್ತಿತ್ತು. ಯಾರು ಏನು ಕೇಳಿದರೂ ಗಂಡ ಬಾಯಿ ಬಿಡುತ್ತಿಲ್ಲ, ನ್ಯಾಯಾಧೀಶರ ಮುಂದೆಯೂ ಬಿಡುವುದಿಲ್ಲವಂತೆ, ನೀನಾದರೂ ಹೋಗಿ ಬುದ್ಧಿ ಹೇಳು ಎಂದು ಗೈಲ್ಸನನ್ನು ಅಂಗಲಾಚಿದಳು.

“ಕದ್ದಿಲ್ಲ ಅಂದ್ಮೇಲೆ ಕದ್ದಿಲ್ಲ ಅಂತ ಹೇಳೋಕೆ ಏನು ಕಷ್ಟ?” ಎಂದಳು.

ಗೈಲ್ಸ್ ಅವಳಿಗೆ ವಿಷಯ ಬಿಡಿಸಿ ಹೇಳಿದ. ಕದ್ದಿದ್ದೇನೆ ಎಂದರೂ ಸರಿ, ಕದ್ದಿಲ್ಲ ಎಂದರೂ ಸರಿ, ಬಾಯಿ ಬಿಟ್ಟರೆ ವಿಚಾರಣೆ ನಡೆಯುತ್ತದೆ. ತೀರ್ಪು ಕೊಡಲು ಕೂರುವ ಹನ್ನೆರಡು ಜನರೂ ಸರ್ ಲ್ಯಾಂಬರ್ಟನ ಒಕ್ಕಲುಗಳು. ಆಮೇಲೆ ನೇಣು, ಆಮೇಲೆ ಮನೆಮಾರು ಹರಾಜು. ಆದರೆ ಕೇಳಿದ ಪ್ರಶ್ನೆಗೆ ಆರೋಪಿ ಉತ್ತರವನ್ನೇ ಕೊಡದಿದ್ದರೆ ಕಾನೂನಿಗೆ ವಿಚಾರಣೆ ಶುರುಮಾಡಲು ಬರುವುದಿಲ್ಲ. ವಿಚಾರಣೆ ಇಲ್ಲದಿದ್ದರೆ ಅಪರಾಧಿ ಎಂಬ ತೀರ್ಪಿಲ್ಲ. ತೀರ್ಪಿಲ್ಲದಿದ್ದರೆ ನೆಲ ಹೆಂಡತಿ ಮಕ್ಕಳದ್ದೇ. ಆಂಬ್ರೋಸ್ ಸುಮ್ಮನಿದ್ದದ್ದು ಹುಚ್ಚಿನಿಂದಲ್ಲ.

“ಹಾಗೆ ಸುಮ್ಮನಿದ್ದವರನ್ನ ಏನ್ ಮಾಡ್ತಾರೆ?” ಎಂದು ಹೆಸ್ಟರ್ ಕೇಳಿದಳು. ಗೈಲ್ಸನ ಕಣ್ಣು ನನ್ನ ಕಡೆ ಬಂದದ್ದು ನನಗೆ ಗೊತ್ತಾಯಿತು. ಅವಳೂ ಅದನ್ನು ನೋಡಿದಳೇನೋ, ಸೆರಗಿನ ಹಾಗೆ ಹೊದ್ದಿದ್ದ ಬಟ್ಟೆಯನ್ನು ಬಾಯಿಗೆ ತುರುಕಿಕೊಂಡು ಅಲ್ಲೇ ಕುಸಿದು ಕೂತಳು.

ವರ್ಷಕ್ಕೆ ಎರಡು ಸಲ ಊರೂರು ಸುತ್ತಿ ನ್ಯಾಯ ಹೇಳುವ ನ್ಯಾಯಾಧೀಶರು ವಸಂತದಲ್ಲಿ ಬಂದರು. ಆಂಬ್ರೋಸ್ ಕಟಕಟೆಯಲ್ಲಿ ಮೂಕನಂತೆ ನಿಂತನಂತೆ. ಸುಮ್ಮನಿದ್ದರೆ ಏನಾಗುತ್ತದೆಂದು ಮತ್ತೆ ಮತ್ತೆ ಎಚ್ಚರಿಸಿದರಂತೆ. ಅವನು ಹೆಂಡತಿಯ ಕಡೆಯೂ ನೋಡಲಿಲ್ಲವಂತೆ. ಕಡೆಗೆ ಕಾನೂನು ತನ್ನ ಶಿಕ್ಷೆ ಹೇಳಿತು. ಇವನನ್ನು ಸೆರೆಮನೆಯ ನೆಲದ ಮೇಲೆ ಅಂಗಾತ ಮಲಗಿಸಿ, ಕೈಕಾಲುಗಳನ್ನು ನಾಲ್ಕು ಮೂಲೆಗೆ ಎಳೆದು ಕಟ್ಟಿ, ಎದೆಯ ಮೇಲೆ ಹಲಗೆ ಇಟ್ಟು, ತಡೆಯುವಷ್ಟು ಭಾರ, ಅದಕ್ಕಿಂತಲೂ ಹೆಚ್ಚಿನ ಭಾರ ಹೇರತಕ್ಕದ್ದು. ಒಂದು ದಿನ ಮೂರು ತುತ್ತು ಒರಟು ರೊಟ್ಟಿ, ನೀರಿಲ್ಲ. ಮರುದಿನ ಸೆರೆಮನೆಯ ಪಕ್ಕದ ಕೊಚ್ಚೆಯ ನೀರು, ರೊಟ್ಟಿ ಇಲ್ಲ. ಉತ್ತರ ಕೊಡುವ ತನಕ, ಇಲ್ಲವೇ ಸಾಯುವ ತನಕ. ಇದನ್ನು ಚಿತ್ರಹಿಂಸೆ ಎನ್ನಬಾರದಂತೆ. ಇಂಗ್ಲೆಂಡಿನಲ್ಲಿ ಚಿತ್ರಹಿಂಸೆಗೆ ಕಾನೂನಿನ ಒಪ್ಪಿಗೆಯಿಲ್ಲವೆಂದು ದೊಡ್ಡ ದೊಡ್ಡವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು.

ಸೆರೆಮನೆಯಲ್ಲಿ ಅಷ್ಟು ಭಾರದ ವಸ್ತು ಇರಲಿಲ್ಲ. ಅಧಿಕಾರಿಯೊಬ್ಬ ತೂಕದ ಮನೆಗೆ ಬಂದು ಪೇಟೆಯ ಕಲ್ಲುಗಳನ್ನು ಕಳಿಸಬೇಕೆಂದ. ಗೈಲ್ಸ್ ಆಗುವುದಿಲ್ಲ ಎಂದ. ಅಧಿಕಾರಿ ನನ್ನ ಪಕ್ಕೆಯ ಕಿರೀಟದ ಗುರುತನ್ನು ಬೂಟಿನ ತುದಿಯಿಂದ ತೋರಿಸಿ, ಇದು ನಿನ್ನದೋ ರಾಜರದ್ದೋ ಎಂದು ಕೇಳಿದ. ಅಷ್ಟೇ ಅಲ್ಲ, ತೂಕದ ಮನೆಯ ಕಲ್ಲು ಹೊರಗೆ ಹೋದರೆ ತೂಗುವವನೂ ಅದರ ಜೊತೆ ಹೋಗಬೇಕು, ಇಟ್ಟ ಭಾರವನ್ನು ಕೂಗಿ ಹೇಳಬೇಕು ಎಂಬುದು ಪೇಟೆಯ ಹಳೆಯ ಕಟ್ಟಳೆ. ಉಣ್ಣೆಗೆಂದು ಮಾಡಿದ ಕಟ್ಟಳೆಯನ್ನು ಮನುಷ್ಯನಿಗೂ ಹಚ್ಚಿದರು. ಹೀಗೆ ನಾನು, ನನ್ನ ಜೊತೆಯ ಕಲ್ಲುಗಳು, ಗೈಲ್ಸ್, ಎಲ್ಲರೂ ಒಂದೇ ಗಾಡಿಯಲ್ಲಿ ಸೆರೆಮನೆಗೆ ಹೋದೆವು.

ಆ ಸೆರೆಮನೆಯನ್ನು ನೋಡಿದ ಮೇಲೆ ನನಗೆ ಕುಲುಮೆಯೇ ಸ್ವರ್ಗ ಅನ್ನಿಸಿತು. ನೆಲಕ್ಕಿಂತ ತಗ್ಗಾದ ಕೋಣೆಗಳು. ಗೋಡೆಯ ನೆತ್ತಿಯಲ್ಲಿ, ಬೀದಿಯ ಮಟ್ಟಕ್ಕೆ, ಒಂದೊಂದು ಸರಳಿನ ಕಿಂಡಿ. ಕೈದಿಗಳು ಆ ಕಿಂಡಿಯಿಂದ ಕೈ ಹೊರಚಾಚಿ ದಾರಿಹೋಕರ ಕಾಲಿಗೆ ತಿರುಪೆ ಬೇಡುತ್ತಿದ್ದರು, ಯಾಕೆಂದರೆ ಊಟ ಹಾಕುವುದು ಸರ್ಕಾರದ ಕೆಲಸವಲ್ಲ. ಕಾವಲಿನ ಯಜಮಾನ ಬಾರ್ನಬಿ ಸ್ಟೋಕನಿಗೆ ಸಂಬಳವಿಲ್ಲ, ಕೈದಿಗಳೇ ಅವನ ಹೊಲ. ಹಗುರ ಸರಪಳಿ ಬೇಕೆಂದರೆ ಒಂದು ದರ, ಮಲಗಲು ಹುಲ್ಲು ಬೇಕೆಂದರೆ ಇನ್ನೊಂದು ದರ. ಕೈಯಲ್ಲಿ ಕಾಸಿಲ್ಲದವರು ಸೆರೆಮನೆಯ ಜ್ವರ ಬಂದು, ವಿಚಾರಣೆಗೆ ಮೊದಲೇ ಸತ್ತು, ಎಲ್ಲರಿಗೂ ಕೆಲಸ ಉಳಿಸುತ್ತಿದ್ದರು. ಬಾರ್ನಬಿ ಕ್ರೂರಿಯೇನಲ್ಲ. ಕುಂಟುಬೆಕ್ಕೊಂದನ್ನು ಸಾಕಿಕೊಂಡು ಅದಕ್ಕೆ ಹಾಲು ಕುಡಿಸುತ್ತಿದ್ದ. ಅದನ್ನು ನೋಡಿದಾಗಲೇ ನನಗೆ ಹೆಚ್ಚು ಸಿಟ್ಟು ಬಂದದ್ದು.

ಗೈಲ್ಸ್ ನನ್ನನ್ನು ಎತ್ತಿಕೊಂಡು ಒಳಗೆ ಬಂದಾಗ ಆಂಬ್ರೋಸ್ ಗೋಡೆಗೊರಗಿ ಕೂತಿದ್ದ. ಗಡ್ಡದಲ್ಲಿ ಹೇನು, ಕಣಕಾಲಿನಲ್ಲಿ ಸರಪಳಿ ಕೊರೆದ ಹುಣ್ಣು. ನನ್ನನ್ನು ನೋಡಿ ಅವನು ನಕ್ಕ. ಸಂತೆಯಲ್ಲಿ ನನ್ನ ಮೇಲೆ ಕೂರುತ್ತಿದ್ದವನಲ್ಲವೇ, ಗುರುತು ಹತ್ತಿತು.

ಬಾರ್ನಬಿ ಬೇರೆ ಕಲ್ಲುಗಳಿಗೆಂದು ಹೊರಗೆ ಹೋದ ಹೊತ್ತು ನೋಡಿ ಆಂಬ್ರೋಸ್ ಮೆಲ್ಲಗೆ ಬಾಯಿಬಿಟ್ಟ. ತಿಂಗಳುಗಟ್ಟಲೆ ಆಡದ ದನಿ ಒಡೆದುಹೋಗಿತ್ತು.

“ಗೈಲ್ಸ್, ನಾನು ಗಟ್ಟಿ ಅಂತ ನಂಗೇ ನಂಬಿಕೆ ಇಲ್ಲ. ನೋವು ತಡೀಲಾರದೆ ಏನಾದ್ರೂ ಅಂದುಬಿಟ್ರೆ ನೀನು ಕೇಳಿಸ್ಕೋಬೇಡ. ಹೆಸ್ಟರು, ಮಗು, ಬೀದಿಗೆ ಬೀಳಬಾರದು. ನಿನ್ನ ಬಿಟ್ರೆ ನಂಗೆ ಅಲ್ಲಿ ಯಾರೂ ಇರಲ್ಲ. ಮಾತು ಕೊಡು.”

ಕೆಳಗಿನಿಂದ ನೋಡುತ್ತಿದ್ದ ನನಗೆ ಗೈಲ್ಸನ ಗದ್ದ ಒಂದು ಸಲ ಹೂಂ ಎಂಬಂತೆ ಅಲುಗಿದ್ದು ಕಂಡಿತು. ಆಂಬ್ರೋಸನಿಗೆ ಅಷ್ಟು ಸಾಕಾಯಿತು.

ಮರುದಿನ ಬೆಳಿಗ್ಗೆ ಶುರುಮಾಡಿದರು. ಕಿಂಡಿಯ ಗೋಡೆಗೆ ತಲೆ ಬರುವ ಹಾಗೆ ಅವನನ್ನು ಮಲಗಿಸಿ, ಕೈಕಾಲು ಕಟ್ಟಿ, ಎದೆಯ ಮೇಲೆ ಓಕ್ ಮರದ ಹಲಗೆ ಇಟ್ಟರು. ಉತ್ತರ ಬರೆದುಕೊಳ್ಳಲು ಬಂದಿದ್ದ ಗುಮಾಸ್ತ ನಾತಕ್ಕೆ ಹೇಸಿ ಬಾಗಿಲ ಆಚೆ, ಮೂಗಿಗೆ ಕರವಸ್ತ್ರ ಹಿಡಿದು ನಿಂತ. ಅವನ ಹಿಂದಿನ ಓಣಿಯಲ್ಲಿ ಬೇರೆ ಕೈದಿಗಳು ಸರಪಳಿ ಬಡಿಯುತ್ತಾ ಬೊಬ್ಬೆ ಹೊಡೆಯುತ್ತಿದ್ದರು. ಬಾರ್ನಬಿಯ ಆಳುಗಳು ಒಂದೊಂದೇ ಕಲ್ಲು ಇಟ್ಟರು. ಗೈಲ್ಸ್ ತಲೆಯ ಬಳಿ ನಿಂತು ತೂಕ ಕೂಗಿದ. ಪಾಪ, ಅವನಿಗೆ ಬೇರೆ ರೀತಿ ಕೂಗಲು ಬರುತ್ತಿರಲಿಲ್ಲ. ಅದೇ ಸಂತೆಯ ದನಿ, ಅದೇ ರಾಗ. ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋದವು.

ಮೊದಲ ದಿನ ಆಂಬ್ರೋಸ್ ಹಲ್ಲು ಕಚ್ಚಿಕೊಂಡು ತಡೆದ. ಎರಡನೆಯ ದಿನ ಅವನ ಮುಖ ಕಪ್ಪಿಟ್ಟಿತು, ಕಿವಿಯಿಂದ ರಕ್ತ ಬಂತು, ಆದರೂ ಬಾಯಿ ತೆರೆಯಲಿಲ್ಲ. ನಾನು ಎಲ್ಲಕ್ಕಿಂತ ದೊಡ್ಡವನಾದ್ದರಿಂದ ನನ್ನನ್ನು ಕೊನೆಗೆಂದು ಗೋಡೆಯ ಬದಿಗೆ ಇಟ್ಟಿದ್ದರು. ಅಲ್ಲಿಂದ ನನಗೆ ಎಲ್ಲವೂ ಕಾಣುತ್ತಿತ್ತು. ನಿಮಗೆ ಕಣ್ಣು ಮುಚ್ಚಿಕೊಳ್ಳುವ ಸೌಕರ್ಯ ಇದೆ, ನನಗೆ ಅದಿಲ್ಲ.

ಮೂರನೆಯ ದಿನ ಅವನು ಮುರಿದ.

“ಎತ್ತು,” ಎಂದ. ಉಸಿರಿಗಿಂತ ಸ್ವಲ್ಪವೇ ದೊಡ್ಡ ದನಿ. “ಎತ್ತು ಗೈಲ್ಸ್. ಹೇಳ್ತೀನಿ. ನಾನು ಕದ್ದಿಲ್ಲ. ಹೇಳ್ತೀನಿ, ಎತ್ತು.”

ಬಾಗಿಲ ಆಚೆಯಿಂದ ಗುಮಾಸ್ತ ಲೇಖನಿ ಎತ್ತಿ ಹಿಡಿದು ಕೇಳಿದ, “ಏನಂದ ಅವನು? ಉತ್ತರ ಕೊಟ್ಟನಾ?”

ಆಳುಗಳು ದೂರ ನಿಂತಿದ್ದರು, ಬಾರ್ನಬಿ ಓಣಿಯ ಗದ್ದಲ ಅಡಗಿಸಲು ಹೋಗಿದ್ದ. ಎಲ್ಲರೂ ಗೈಲ್ಸನ ಮುಖ ನೋಡಿದರು. ಆ ಊರಿನಲ್ಲಿ ಗೈಲ್ಸ್ ಕೋಪ್ ಹೇಳಿದ್ದಕ್ಕೆ ಎರಡನೆಯ ಮಾತೇ ಇರಲಿಲ್ಲವಲ್ಲ.

“ಇಲ್ಲ ಸ್ವಾಮಿ,” ಎಂದ ಗೈಲ್ಸ್. “ಹೆಂಡತೀನ ಕರೀತಿದಾನೆ.”

ಹಾಗೆಂದವನೇ ಬಗ್ಗಿ, ನನ್ನ ಬಳೆಗೆ ಕೈಹಾಕಿ, ಆಳುಗಳನ್ನು ಕಾಯದೆ ತಾನೇ ಎತ್ತಿ ತಂದು ಹಲಗೆಯ ನಡುವೆ ಇಟ್ಟ. ಆಂಬ್ರೋಸನ ಕಣ್ಣು ಅವನನ್ನೇ ನೋಡುತ್ತಿತ್ತು. ಆ ಕಣ್ಣು ಬೈಯುತ್ತಿತ್ತೋ, ಬೇಡುತ್ತಿತ್ತೋ, ಸದ್ಯ ಮುಗಿಯಿತು ಎನ್ನುತ್ತಿತ್ತೋ ನನಗೆ ತಿಳಿಯಲಿಲ್ಲ. ನನ್ನ ಕೆಳಗೆ ಪಕ್ಕೆಲುಬು ಮುರಿದದ್ದು ಮಾತ್ರ ತಿಳಿಯಿತು. ಗೈಲ್ಸ್ ನೆಟ್ಟಗೆ ನಿಂತು ತೂಕ ಕೂಗಿದ. ಸ್ವಲ್ಪ ಹೊತ್ತಿಗೆಲ್ಲ ನನ್ನ ಕೆಳಗಿನ ಏರಿಳಿತ ನಿಂತುಹೋಯಿತು.

ಅಂದಿನಿಂದ ನಾನು ಇದೊಂದನ್ನೇ ಮೆಲುಕು ಹಾಕುತ್ತಿದ್ದೇನೆ. ಗೋಡೆಗೊರಗಿ ಕೂತು ಮಾತು ಕೊಡು ಎಂದವನೂ ಆಂಬ್ರೋಸನೇ, ಹಲಗೆಯ ಕೆಳಗಿನಿಂದ ಎತ್ತು ಎಂದವನೂ ಆಂಬ್ರೋಸನೇ. ಗೈಲ್ಸ್ ಯಾವ ಆಂಬ್ರೋಸನ ಮಾತು ಕೇಳಬೇಕಿತ್ತು? ಅವನು ಗೆಳೆಯನ ಮನೆ ಉಳಿಸಿದ ಎನ್ನಿ, ಗೆಳೆಯನನ್ನು ಕೊಂದ ಎನ್ನಿ, ಎರಡೂ ನಿಜ. ಇಂಥ ಇಕ್ಕಟ್ಟಿಗೆ ಒಬ್ಬ ಬಡಪಾಯಿಯನ್ನು ತಳ್ಳಿದವರು ಮಾತ್ರ ಆ ಮಧ್ಯಾಹ್ನ ಹಂದಿಮಾಂಸ ತಿಂದು, ಮುಂದಿನ ಊರಿಗೆ ನ್ಯಾಯ ಹೇಳಲು ಹೊರಟರು.

ನನ್ನನ್ನು ತೂಕದ ಮನೆಗೆ ವಾಪಸ್ಸು ತಂದರು. ಗೈಲ್ಸ್ ಬಾಗಿಲು ಹಾಕಿಕೊಂಡು ಮರಳು, ಹುಳಿನೀರು ಹಾಕಿ ನನ್ನನ್ನು ತಿಕ್ಕಿದ, ತೊಳೆದ, ಮತ್ತೆ ತಿಕ್ಕಿದ. ಹುಲ್ಲುಗಾವಲು ಹೆಸ್ಟರಳಿಗೇ ಉಳಿಯಿತು. ಸರ್ ಲ್ಯಾಂಬರ್ಟ್ ಹೊಟ್ಟೆ ಉರಿದುಕೊಂಡ, ಆದರೆ ಕಾನೂನು ಕಾನೂನೇ. ಮುಂದಿನ ಬೇಸಿಗೆಯಲ್ಲಿ ಹೆಸ್ಟರ್ ಉಣ್ಣೆ ತೂಗಿಸಲು ಬಂದಳು. ಆ ದಿನದ ಮಾತನ್ನು ಕೊನೆಗೆ ಹೇಳುತ್ತೇನೆ, ಈಗಲೇ ಬಾಯಿಗೆ ಬರುತ್ತಿಲ್ಲ.

ಗೈಲ್ಸ್ ಸತ್ತ ಮೇಲೆ ಅವನ ಅಕ್ಕನ ಮಗ ತೂಗುವ ಕೆಲಸಕ್ಕೆ ಬಂದ. ಅವನದು ಚುರುಕು ಬೆರಳು. ನನ್ನ ಅಡಿಯನ್ನು ಅರದಿಂದ ಉಜ್ಜಿ ಉಜ್ಜಿ ಭಾರ ಇಳಿಸಿದ. ಸಿಕ್ಕಿಬಿದ್ದಾಗ ಅವನ ಕುತ್ತಿಗೆ, ಕೈಗಳನ್ನು ಸಂತೆಯ ನಡುವೆ ಮರದ ಹಲಗೆಯ ತೂತುಗಳಲ್ಲಿ ಸಿಕ್ಕಿಸಿ ನಿಲ್ಲಿಸಿದರು. ಜನ ಕೊಳೆತ ಮೊಟ್ಟೆ, ಸತ್ತ ಇಲಿ ಎಸೆದು ಹಬ್ಬ ಮಾಡಿದರು. ಒಂದು ಏಟಿಗೆ ಅವನ ಕಣ್ಣೊಂದು ಹೋಯಿತು. ನಾನು ಹೇಳುವುದಿಷ್ಟೇ. ನನ್ನಿಂದ ಹಿಡಿಯಷ್ಟು ಕಬ್ಬಿಣ ಉಜ್ಜಿದವನಿಗೆ ಆ ಶಿಕ್ಷೆ, ನನ್ನನ್ನು ಮನುಷ್ಯನ ಎದೆಯ ಮೇಲೆ ಹೇರಿಸಿದವರಿಗೆ ಸಂಬಳ.

ಆಮೇಲೆ ನಾನು ತೂಕಕ್ಕೆ ಬಾರದವನಾದೆ. ಗಾಡಿಯವನೊಬ್ಬ ಕುದುರೆ ಓಡಿಹೋಗದಂತೆ ಲಗಾಮಿಗೆ ಕಟ್ಟಿಡಲು ನನ್ನನ್ನು ಇಟ್ಟುಕೊಂಡ. ಪ್ರುಡೆನ್ಸ್ ಬೆಳೆದು, ಮದುವೆಯಾದ ಸುದ್ದಿ ಬಂದದ್ದು ಆ ಕಾಲದಲ್ಲೇ. ಅವಳ ಗಂಡನಿಗೆ ಪೇಟೆಯಲ್ಲಿ ಮನೆ ಮಾಡುವ ಹುಚ್ಚು. ಹೆಸ್ಟರ್ ಮಣ್ಣಾದ ಮರುವರ್ಷವೇ ಆ ಹುಲ್ಲುಗಾವಲನ್ನು ಸರ್ ಲ್ಯಾಂಬರ್ಟನ ಮಗನಿಗೇ ಮಾರಿದ. ಪ್ರುಡೆನ್ಸಳೂ ಮಾರಾಟದ ಪತ್ರಕ್ಕೆ ತನ್ನ ಗುರುತು ಹಾಕಿ ಕೊಟ್ಟಳು. ಒಳ್ಳೆಯ ಬೆಲೆ ಬಂತೆಂದು ಆ ಗಂಡ ಸಂತೆಯಲ್ಲಿ ಹೇಳಿಕೊಂಡು ತಿರುಗಿದ. ಬೇಲಿ ಕಿತ್ತರು, ಕುರಿಗಳು ನೀರಿಗೆ ಇಳಿದವು. ನನಗೆ ಅಳುವ ಕಣ್ಣಿದ್ದರೆ ಅವತ್ತು ಅಳುತ್ತಿದ್ದೆ.

ಕೈಯಿಂದ ಕೈಗೆ, ಹಿತ್ತಿಲಿನಿಂದ ಹಿತ್ತಿಲಿಗೆ ಬಿದ್ದು ನೂರಾರು ವರ್ಷ ಕಳೆದೆ. ಈಗ ನಾನಿರುವುದು ಮತ್ತೆ ಅದೇ ಸೆರೆಮನೆಯಲ್ಲಿ. ಈಗದು ಸೆರೆಮನೆಯಲ್ಲ, ಚಹಾದಂಗಡಿ. ಗೋಡೆಗೆ ಸುಣ್ಣ ಬಳಿದು, ಕಿಂಡಿಗೆ ಗಾಜು ಹಾಕಿ, ಒಳಗೆ ಮೇಜು ಕುರ್ಚಿ ಇಟ್ಟಿದ್ದಾರೆ. ಗಾಳಿಗೆ ಬಾಗಿಲು ಬಡಿಯದಂತೆ ನನ್ನನ್ನು ಒತ್ತಿ ಇಟ್ಟಿದ್ದಾರೆ. ಆಂಬ್ರೋಸ್ ಸತ್ತ ಜಾಗದಲ್ಲಿ ಕೇಕಿನ ಕಪಾಟು ಇದೆ. ಪ್ರವಾಸಿಗಳನ್ನು ಕರೆತರುವ ಗೈಡಮ್ಮ ಅಲ್ಲಿ ನಿಂತು ಅವನ ಕಥೆ ಹೇಳುತ್ತಾಳೆ. ಒಂದು ಮಾತೂ ಆಡದೆ ಸತ್ತ ಧೀರ ಎನ್ನುತ್ತಾಳೆ. ಮುಂದೆ ಕಾನೂನು ಬದಲಾಗಿ ಸುಮ್ಮನಿದ್ದವನನ್ನು ಅಪರಾಧಿ ಎಂದೇ ಎಣಿಸಿದರಂತೆ. ಇನ್ನೂ ಎಷ್ಟೋ ಕಾಲದ ಮೇಲೆ, ಸುಮ್ಮನಿದ್ದವನು ನಾನು ತಪ್ಪು ಮಾಡಿಲ್ಲ ಎಂದ ಹಾಗೆ ಎಂದು ಬರೆದರಂತೆ. ಅಪರಾಧಿಯ ನೆಲ ಕಿತ್ತುಕೊಳ್ಳುವುದೂ ನಿಂತಿತಂತೆ. ಜನ ತಲೆದೂಗಿ, ಹೌದಾ ಎಂದು, ಇನ್ನೊಂದು ಚೂರು ಕೇಕು ತೆಗೆದುಕೊಳ್ಳುತ್ತಾರೆ. ಕಾನೂನಿಗೆ ಬುದ್ಧಿ ಬರುವ ತನಕ ಸತ್ತವರು ಸತ್ತೇ ಇದ್ದಾರೆ. ಯಾರೂ ಅವರ ಎದೆಯಿಂದ ಏನನ್ನೂ ಎತ್ತಲಿಲ್ಲ.

ಆ ಗೈಡಮ್ಮನಿಗೆ ಗೊತ್ತಿಲ್ಲದ ಮಾತು ಒಂದಿದೆ. ಮುಂದೂಡಿದ್ದು ಸಾಕು, ಅದನ್ನು ಹೇಳಿ ಮುಗಿಸುತ್ತೇನೆ.

ಹೆಸ್ಟರ್ ಉಣ್ಣೆ ತಂದ ಆ ದಿನ ತೂಕದ ಮನೆಯ ಮುಂದೆ ಜನವೋ ಜನ. ಅವಳನ್ನು ಕಂಡ ಕೂಡಲೇ ಗೈಲ್ಸ್ ನನ್ನ ಮೇಲೊಂದು ಗೋಣಿಚೀಲ ಎಳೆದು, ಸಣ್ಣ ಸಣ್ಣ ಕಲ್ಲುಗಳನ್ನೇ ಪೇರಿಸಿ ತೂಗಲು ಹೋದ. ಅವು ಸಾಲಲಿಲ್ಲ. ಹಿಂದೆ ನಿಂತವರು ಗೊಣಗತೊಡಗಿದರು. ಹೆಸ್ಟರ್ ಗೋಣಿಚೀಲವನ್ನು ತಾನೇ ಸರಿಸಿದಳು. ಬಗ್ಗಿ ನನ್ನನ್ನು ನೋಡಿದಾಗ ಅವಳ ಮುಖ ನನಗೆ ಪೂರ್ತಿ ಕಂಡಿತು. ಒಂದೇ ವರ್ಷಕ್ಕೆ ಮುದುಕಿಯಾಗಿದ್ದಳು.

“ಇದೇ ಅಲ್ವಾ?” ಎಂದಳು. “ಇದನ್ನೇ ಇಡು.”

ಗೈಲ್ಸ್ ಯಾರಿಗೂ ಕೇಳದ ಹಾಗೆ, ಸಾಯುವಾಗ ಆಂಬ್ರೋಸ್ ನಿನ್ನನ್ನೇ ಕರೆದ ಎಂದು ಹೇಳಿದ. ಅವಳಿಗೆ ಅಷ್ಟಾದರೂ ಸಮಾಧಾನ ಸಿಗಲಿ ಎಂದಿರಬೇಕು. ಹೆಸ್ಟರ್ ಅಳಲಿಲ್ಲ. ಅವನ ಕಡೆ ನೋಡಲೂ ಇಲ್ಲ, ನನ್ನ ಕಡೆಯೇ ನೋಡುತ್ತಾ ಹೇಳಿದಳು.

“ಸುಳ್ಳು ಹೇಳಬೇಡ ಗೈಲ್ಸ್. ಮೂರು ದಿನಾನೂ ನಾನು ಬೀದೀಲಿ, ಆ ಕಿಂಡಿಗೆ ಕಿವಿ ಕೊಟ್ಟು ಕೂತಿದ್ದೆ. ಹೇಳ್ತೀನಿ ಎತ್ತು ಅಂದಿದ್ದು ನಂಗೂ ಕೇಳಿಸ್ತು. ನೀನು ಇಲ್ಲ ಅಂದಿದ್ದೂ ಕೇಳಿಸ್ತು. ನಾನು ಒಂದು ಕೂಗು ಹಾಕಿದ್ರೆ ಗುಮಾಸ್ತ ಬರ್ಕೋತಿದ್ದ. ಮಗು ನನ್ನ ತೊಡೆ ಮೇಲಿತ್ತು. ಅದರ ಬಾಯಿಗೆ ಕೈ ಅಡ್ಡ ಹಿಡಿದು, ನಾನೂ ಸುಮ್ನೇ ಕೂತೆ.”

ಆಮೇಲೆ ನೆಟ್ಟಗೆ ನಿಂತು ಮುಖ ಒರೆಸಿಕೊಂಡಳು.

“ಹೂಂ, ತೂಗು. ಹಿಂದೆ ಜನ ಕಾಯ್ತಿದಾರೆ.”

ಗೈಲ್ಸ್ ನನ್ನನ್ನು ಎತ್ತಿ ತಟ್ಟೆಗೆ ಇಟ್ಟು ತೂಗಿದ.